ಹೊಲಿಗೆಗೆ ಬಿಟ್ಟ ಬಟ್ಟೆ

ಹದಿನೈದು ಅಡಿ ಅಗಲ, ನಲವತ್ತು ಉದ್ದ.
ವೀರನಗೆರೆಯ ಈ ಸೈಟನ್ನು ಚಿಕ್ಕಲಿಂಗಯ್ಯ
ಎರಡು ಸಲ ಟೇಪು ಹಿಡಿದು ಅಳೆದ,
ಎರಡನೇ ಸಲ ಒಂದಂಗುಲ ಕಮ್ಮಿ ಬಂತು.
"ಮುಂದೆ ಮೂರಡಿ, ಹಿಂದೆ ಮೂರಡಿ,
ಒಂದು ಪಕ್ಕ ಎರಡೂವರೆ ಬಿಡಬೇಕಮ್ಮ,
ಇಲ್ದಿದ್ರೆ ಪ್ಲಾನ್ ಪಾಸಾಗಲ್ಲ."

ನಾನು ಮೂವತ್ತು ವರ್ಷ ರವಿಕೆ ಹೊಲಿದವಳು.
ಎಂಬತ್ತು ಸೆಂಟಿಮೀಟರಿನಲ್ಲಿ ಉದ್ದ ತೋಳು ಕೇಳುವವರನ್ನು ಕಂಡವಳು.
ಹೊಲಿಗೆಗೆ ಬಟ್ಟೆ ಬಿಡದೆ ಕತ್ತರಿಸಿದರೆ
ಮೊದಲ ಒಗೆತಕ್ಕೇ ಕಂಕುಳು ಬಿಚ್ಚುತ್ತದೆ,
ಗೊತ್ತು.
ಆದರೂ ಬಿಟ್ಟು ಬಿಟ್ಟು ಕೊನೆಗೆ ಉಳಿದದ್ದು
ಮನೆಯಲ್ಲ, ಬರೀ ತೋಳು.

ಹಳೇ ಮನೆ ಯಾವುದನ್ನೂ ಬಿಟ್ಟಿರಲಿಲ್ಲ.
ಗೋಡೆಗೆ ಗೋಡೆ ಆತುಕೊಂಡು
ದೇವೀರಮ್ಮನ ಒಗ್ಗರಣೆಗೆ ನಾವು ಸೀನುತ್ತಿದ್ದೆವು,
ನಮ್ಮ ಮಗುವಿನ ಕೆಮ್ಮಿಗೆ ಅವಳು ಎದ್ದು ಕೂರುತ್ತಿದ್ದಳು.
ಆಮೇಲೆ ಆ ಗೋಡೆಗೆ ತೊಲೆ ಕೂರಿಸಿದ ದಿನ
ಗೋಡೆ ಯಾರಪ್ಪಂದು ಅಂತ ಮಾತು ಬಂತು.
ಹನ್ನೊಂದು ವರ್ಷ ಮಾತು ಹೋಯಿತು.

ಪಾಯ ತೆಗೆದ ಮೇಲೆ ಅಲ್ತಾಫ್ ಟ್ಯೂಬ್ ಲೆವೆಲ್ ಹಿಡಿದು ನಿಂತ.
ರಸ್ತೆ ಡಾಂಬರಿನ ಮೇಲೆ ಡಾಂಬರು ಹೊದ್ದು ಎದ್ದಿದೆ,
ನಮ್ಮ ಬಚ್ಚಲು ಅಲ್ಲೇ ಕೂತಿದೆ.
"ಮುಂದಿನ ಮ್ಯಾನ್‌ಹೋಲಿಗೆ ನೀರು ಹತ್ತಲ್ಲ ಅಕ್ಕ.
ನೀರು ಯಾರ ಶಿಫಾರಸೂ ಕೇಳಲ್ಲ.
ಎರಡಡಿ ಮಣ್ಣು ತುಂಬಿಸಿ, ಇಲ್ಲಾ ಹಿಂದಕ್ಕೆ ತಿರುಗಿಸಿ."
ಮಣ್ಣಿನ ಲೋಡಿಗೆ ರೇಟು ಕೇಳಿ ಹಿಂದಕ್ಕೆ ತಿರುಗಿದೆ.

ಹಿಂದೆ ಕನ್ಸರ್ವೆನ್ಸಿ ಗಲ್ಲಿ.
ನಮ್ಮ ಪಾಲಿನ ಗಲ್ಲಿ ಯಾರದೋ ಗೋಡೌನಾಗಿ ಹೋಗಿದೆ,
ಮ್ಯಾನ್‌ಹೋಲ್ ಇರುವುದು ದೇವೀರಮ್ಮನ ಹಿತ್ತಲಾಚೆ.
ಹಿಂಗೋಡೆ ಕೆಡವುವಾಗ ಗಾರೆಯ ಒಳಗೆ
ಮೊಣಕಾಲೆತ್ತರದ ತಗಡಿನ ಬಾಗಿಲು ಸಿಕ್ಕಿತು,
ಹೊರಗಿನಿಂದ ಮಾತ್ರ ಚಿಲಕ.
ಅತ್ತೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಬೆಳಕು ಹರಿಯೋಕೆ ಮುಂಚೆ ಬರೋಳು.
ಬುಟ್ಟಿ ತಗೊಂಡು ಹೋಗೋಳು.
ನಾವು ಈ ಕಡೆಯಿಂದ ಕೆಮ್ಮಿದ್ರೆ ಅಲ್ಲೇ ನಿಲ್ಲೋಳು."
ಹೆಸರೇನು ಅವಳದು ಅಂದೆ.
"ಕೇಳಲಿಲ್ಲ ಕಣೆ.
ಯಾರೂ ಕೇಳಲಿಲ್ಲ."

ವಲಯ ಕಚೇರಿಯ ಕಿಟಕಿಯಲ್ಲಿ
ಖಾತೆ, ಕಂದಾಯದ ರಶೀದಿ, ನಕ್ಷೆ ಮೂರು ಪ್ರತಿ.
"ಪಕ್ಕದವರ ಒಪ್ಪಿಗೆ ಪತ್ರ ಎಲ್ಲಿ?"
ಛಾಪಾ ಕಾಗದ ಚೀಲದಲ್ಲಿ ಆರು ದಿನ ಮಡಚಿಕೊಂಡೇ ಇತ್ತು.
ಏಳನೇ ದಿನ ಅಲ್ತಾಫನನ್ನು ಮುಂದೆ ಮಾಡಿಕೊಂಡು ಹೋದೆ.

ದೇವೀರಮ್ಮ ಬೆರಳಿಟ್ಟು ಇಡೀ ಪುಟ ಓದಿದಳು.
"ಪೈಪು ಎಷ್ಟಂಗ್ಲ?" ಅಂದಳು, ಅವನಿಗೆ.
"ಆರು."
"ನಾಕು ಸಾಲ್ದಾ?"
"ಕಟ್ಕೊಂಡ್ರೆ ನಿಮ್ ಹಿತ್ತಲಲ್ಲೇ ಉಕ್ಕೋದು."
ನನ್ನತ್ತ ನೋಡದೆ ಪೆನ್ನಿಗೆ ಕೈ ಚಾಚಿದಳು.
ಪೆನ್ನು ನನ್ನ ಹತ್ತಿರ ಇತ್ತು. ಕೊಟ್ಟೆ.

ಹತ್ತಡಿಗೆ ಎರಡಂಗುಲ ಇಳಿಜಾರು.
ಅವಳ ಕರಿಬೇವಿನ ಬೇರಿಗೆ ತಾಗದಂತೆ
ಒಂದು ಬಾಗು ಹೆಚ್ಚಿಗೆ ಹಾಕಿಸಿದೆ,
ಬಾಗಿಗೊಂದು ಚೇಂಬರ್, ಅದಕ್ಕೆ ಬೇರೆ ದುಡ್ಡು.

ಪರೀಕ್ಷೆಯ ದಿನ ಒಂದು ಬಕೆಟ್ ನೀರಿಗೆ
ಬಿಳಿ ಬಟ್ಟೆಗೆ ಹಾಕುವ ನೀಲಿ ಕದಡಿ
ಬಚ್ಚಲ ಬಾಯಿಗೆ ಸುರಿದೆ.
ಅಲ್ತಾಫ್ ಮ್ಯಾನ್‌ಹೋಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ.
ಒಂದು ನಿಮಿಷ. ಏನೂ ಇಲ್ಲ.
ಇನ್ನೊಂದು ಬಕೆಟ್.
ಎಲ್ಲೋ ನೆಲದಡಿ, ಅವಳ ಮನೆಗೂ ನನ್ನ ಮನೆಗೂ ನಡುವೆ,
ನೀರು ಯೋಚನೆ ಮಾಡುತ್ತಿತ್ತು.

"ಬಂತು ಕಣೇ! ನೀಲಿ ಬಂತು!"

ಕೂಗಿದ್ದು ಅಲ್ತಾಫ್ ಅಲ್ಲ.

ಪಕ್ಕದ ಎರಡೂವರೆ ಅಡಿ ಹಾಗೇ ಇದೆ.
ಗಾಳಿಗೆ, ಅನ್ನುತ್ತಾನೆ ಚಿಕ್ಕಲಿಂಗಯ್ಯ.
ಸದ್ಯಕ್ಕೆ ಅಲ್ಲಿ ಮರಳಿನ ಜರಡಿ, ಅದರ ನೆರಳಲ್ಲಿ ಅವಳ ಬೆಕ್ಕು.
ತಗಡಿನ ಬಾಗಿಲನ್ನು ಗುಜರಿಯವನು ತೂಗಿ ನೋಡಿದ,
ಕೊಡಲಿಲ್ಲ.
ಚೇಂಬರಿಗೆ ಮುಚ್ಚಳ ಬರುವವರೆಗೆ
ಅದನ್ನೇ ಮುಚ್ಚಿದ್ದೇವೆ,
ಚಿಲಕ ಮೇಲಕ್ಕೆ ಮಾಡಿ.